ಕೊನೆಯ ದಿನದ ಕಾಕಂಬಿ ಪೈ

ಕೋರ್ಟಿನ ಒಳಗನ್ನೇ ಕಾಣದ ನಾನು ಕೋರ್ಟಿನ ಕಥೆ ಹೇಳಲು ಹೊರಟಿದ್ದೇನೆ; ಕಾನೂನು ಬಲ್ಲವರು ಕ್ಷಮಿಸಬೇಕು. ಪೆನ್ಸಿಲ್ವೇನಿಯಾದಲ್ಲಿ ಒಬ್ಬರ ಅಜಾಗರೂಕತೆಯಿಂದ ಇನ್ನೊಬ್ಬರ ಮೈಗೆ ಪೆಟ್ಟಾದರೆ ದಾವೆ ಹೂಡಲು ಎರಡು ವರ್ಷದ ಗಡುವು. ಅರ್ಲೀನ್ ಕ್ರೆಸ್ಗಿಯ ಎರಡು ವರ್ಷ ಆ ಶುಕ್ರವಾರ ಸಂಜೆ, ಕೋರ್ಟಿನ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ಮುಗಿಯುವುದಿತ್ತು. ಅರ್ಜಿ ಕಾರಿನಲ್ಲಿ ಸಿದ್ಧವಾಗಿತ್ತು. ಅರ್ಲೀನ್ ಮಾತ್ರ ಯಾರ ಮೇಲೆ ದಾವೆ ಹೂಡಬೇಕಿತ್ತೋ ಆ ಹೋಮರ್ ರೀಗಲ್‌ನ ಗೇಟಿನ ಬಳಿ, ಹಿಟ್ಟಿನ ಪದರದಲ್ಲಿ ಸಿಹಿ ಕಾಕಂಬಿ ತುಂಬಿ ಬೇಯಿಸಿದ ಬಿಸಿಬಿಸಿ ಪೈ ಹಿಡಿದು ನಿಂತಿದ್ದಳು.

"ಚಿಕ್ಕಮ್ಮ, ತಲೆಗಿಲೆ ಕೆಟ್ಟಿದೆಯಾ ನಿಮಗೆ?" ಎಂದು ಕಾರಿನಿಂದ ಕತ್ತು ಹೊರಹಾಕಿದಳು ಟ್ರೂಡಿ. ಅರ್ಲೀನಳ ಅಕ್ಕನ ಮಗಳಾದ ಅವಳಿಗೆ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ. ಅರ್ಜಿ ಟೈಪ್ ಮಾಡಿದವಳೂ ಅವಳೇ.

"ಅವನ ಪಾತ್ರೆ ನಮ್ಮನೇಲಿತ್ತು ಕಣೇ. ಇನ್ನೊಬ್ಬರ ಪಾತ್ರೆ ಇಟ್ಕೊಂಡು ಅವರ ಮೇಲೇ ಕೇಸ್ ಹಾಕೋಕಾಗುತ್ತಾ?"

"ಪಾತ್ರೆ ಕೊಟ್ಟು ಬನ್ನಿ. ಪೈ ಯಾಕೆ?"

"ಖಾಲಿ ಪಾತ್ರೆ ಯಾರಾದ್ರೂ ವಾಪಸ್ ಕೊಡ್ತಾರಾ? ನಿಮ್ಮಮ್ಮ ನಿನಗೆ ಏನೂ ಕಲಿಸ್ಲಿಲ್ವಾ?"

ಎಲ್ಲ ತೊಂದರೆಯೂ ಈ ಪದ್ಧತಿಯಿಂದಲೇ. ಅರ್ಲೀನ್ ಬಿದ್ದು ಮೊಣಕಾಲು ಮುರಿದುಕೊಂಡದ್ದು ಹೋಮರ್‌ನ ಮನೆಯ ಮುಂದಿನ ಮರದ ಮೆಟ್ಟಿಲಿನಲ್ಲಿ. ಅವಳು ಆಸ್ಪತ್ರೆಯಿಂದ ಬಂದ ದಿನವೇ ಅವನು ಹಂದಿಮಾಂಸ, ಹುಳಿ ಬರಿಸಿದ ಎಲೆಕೋಸು ಬೇಯಿಸಿ ಗಾಜಿನ ಪಾತ್ರೆಯಲ್ಲಿ ತಂದುಕೊಟ್ಟ. ಅವಳು ಅದರಲ್ಲೇ ಪೈ ಮಾಡಿ ಕಳಿಸಿದಳು. ಅವನು ಆಲೂಗಡ್ಡೆ ತುಂಬಿಸಿ ಮರಳಿ ತಂದ. ಹೀಗೇ ಎರಡು ವರ್ಷ ನಡೆಯಿತು. ಪಾತ್ರೆ ಅವನ ಮನೆಯಲ್ಲಿದ್ದಾಗ ದಾವೆ ಹಾಕಬಹುದಿತ್ತು. ಆದರೆ ಆಗ ಅವನ ಬಾಯಲ್ಲಿ ಇವಳ ಪೈ ಇರುತ್ತಿತ್ತು. ಅಷ್ಟರಲ್ಲಿ, ಅವಳು ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್ ಕುಡಿದು ಬಿದ್ದಳೆಂದು ಊರೆಲ್ಲ ಸುದ್ದಿಯಾಯಿತು. ಹೋಮರ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅರ್ಲೀನ್ ಶಾಲೆಯ ಬಸ್ಸಿನ ಡ್ರೈವರ್ ಆಗಿದ್ದಳು. ಕಾಲು ವಾಸಿಯಾಯಿತು, ಬಸ್ಸು ಮಾತ್ರ ಮತ್ತೆ ಸಿಗಲಿಲ್ಲ. ಮೆಟ್ಟಿಲು ಕೊಳೆತಿತ್ತೆಂದು ಹೋಮರ್ ನಾಲ್ಕು ಜನರ ಮುಂದೆ ಹೇಳಬೇಕು, ಅವಳಿಗೆ ಬೇಕಿದ್ದದ್ದು ಅಷ್ಟೇ.

"ಬಾ ಒಳಗೆ, ಕಾಫಿ ಇಟ್ಟಿದ್ದೀನಿ" ಎಂದು ಬಾಗಿಲು ತೆರೆದ ಹೋಮರ್.

"ಕೂರೋಕೆ ಟೈಮಿಲ್ಲ ನನಗೆ."

"ನಾನೊಬ್ಬನೇ ತಿನ್ನಬೇಕಾ? ವಿಷಗಿಷ ಹಾಕಿದ್ದೀಯೇನು?"

ಹಾಗೆಂದ ಮೇಲೆ ತಿನ್ನದೆ ಹೋಗುವುದು ಹೇಗೆ? ಅರ್ಲೀನ್ ಕೂತಳು. ಅವಳನ್ನು ಎಬ್ಬಿಸಿಕೊಂಡು ಹೋಗಲು ಒಳಗೆ ನುಗ್ಗಿದ ಟ್ರೂಡಿಯ ಕೈಗೂ ಒಂದು ತಟ್ಟೆ ಬಂತು. ಬೈಯಲು ಬಾಯಿ ತೆರೆದವಳು ಒಂದು ತುಂಡು ಇಟ್ಟುಕೊಂಡಳು, ಆಮೇಲೆ ಇನ್ನೊಂದು. ಹೋಮರ್ ತನ್ನ ಪ್ರಾಸ್ಟೇಟ್ ಆಪರೇಷನ್ನಿನ ಕಥೆ ತೆಗೆದ. ಅದು ಚಿಕ್ಕ ಕಥೆಯಲ್ಲ.

ಡಾಕ್ಟರು ಕೈಗವಸು ಹಾಕಿಕೊಳ್ಳುವ ಘಟ್ಟಕ್ಕೆ ಬರುವಾಗ ಎದುರುಮನೆಯ ಮುಂದೆ ಕಾರೊಂದು ನಿಂತಿತು. ಇಳಿದವನು ಆ ಮನೆಯಲ್ಲೇ ಇರುವ ಕೋರ್ಟಿನ ಗುಮಾಸ್ತ. ಕಚೇರಿಗೆ ಬೀಗ ಹಾಕಿ ಬಂದವನು ಕಿಟಕಿಯತ್ತ ಕೈಬೀಸಿದ. ಹೋಮರ್ ತಾನೂ ಕೈಬೀಸಿದ. ಟ್ರೂಡಿಯ ಫೋರ್ಕ್ ತಟ್ಟೆಯ ಮೇಲೆ ಬಿತ್ತು.

"ಮೆಟ್ಟಿಲು ಕೊಳೆತಿತ್ತು, ಅರ್ಲೀನ್" ಎಂದ ಹೋಮರ್. "ನೀನು ಬೀಳೋಕೆ ಮುಂಚೇನೇ ನಂಗೊತ್ತಿತ್ತು. ಬಾಯಿ ಬಿಡಬೇಡ ಅಂತ ಇನ್ಶೂರೆನ್ಸಿನವನು ಹೇಳಿದ್ದ."

"ಈಗ ಹೇಳ್ತೀರಲ್ಲ, ನಾಚಿಕೆ ಆಗಲ್ವೇನ್ರೀ?" ಟ್ರೂಡಿ ಕೇಳಿದಳು.

"ಈಗ ತಾನೆ ಹೇಳೋಕಾಗೋದು, ಮಗಳೇ?"

ಅರ್ಲೀನ್ ನಿಧಾನವಾಗಿ ಬಾಯಿ ಒರೆಸಿಕೊಂಡಳು. "ಸರಿ ಹಾಗಾದ್ರೆ. ಭಾನುವಾರ ಚರ್ಚಲ್ಲಿ ಎದ್ದು ನಿಂತು ಎಲ್ಲರ ಮುಂದೆ ಹೇಳು."

"ಅಷ್ಟು ಜನರ ಮುಂದೆ..."

"ಕೋರ್ಟು ಮುಚ್ಚಾಯ್ತಲ್ಲ ಮಾರಾಯ. ಇನ್ಯಾರ ಭಯ ನಿನಗೆ?"

ಹೋಮರ್ ತನ್ನ ತಟ್ಟೆಗೆ ಇನ್ನೊಂದು ತುಂಡು ಪೈ ಹಾಕಿಕೊಂಡ.

ಅರ್ಲೀನ್ ಹೊತ್ತು ಮರೆತು ಕೂತಳೋ, ಬೇಕೆಂದೇ ಕೂತಳೋ, ನನಗೆ ಗೊತ್ತಿಲ್ಲ. ಭಾನುವಾರ ಹೋಮರ್ ಎದ್ದು ನಿಂತದ್ದು ನಿಜ. ಆದರೆ ಅವನು ಎದ್ದದ್ದು ಹಾಡು ಶುರುವಾಗಿ ಚರ್ಚಿಗೆ ಚರ್ಚೇ ಎದ್ದು ನಿಂತಾಗ. ಅವನ ತುಟಿಗಳು ಅಲ್ಲಾಡುತ್ತಲೇ ಇದ್ದವು. ಹಾಡುತ್ತಿದ್ದನೋ, ತಪ್ಪೊಪ್ಪಿಕೊಳ್ಳುತ್ತಿದ್ದನೋ, ಪಕ್ಕದಲ್ಲಿ ನಿಂತಿದ್ದವರಿಗೂ ತಿಳಿಯಲಿಲ್ಲ.