ತೊಳೆದ ರೈಲು

ಆಯುಧ ಪೂಜೆಯ ಬೆಳಿಗ್ಗೆ ಲಾವಣ್ಯ ಗಂಡನ ರೈಲಿಗೆ ಸ್ನಾನ ಮಾಡಿಸಿಬಿಟ್ಟಳು. ಮದುವೆಯಾಗಿ ಆದೋನಿಗೆ ಬಂದ ಮೇಲೆ ಇದು ಮೊದಲ ದಸರಾ. ಗಂಡ ಗೋವರ್ಧನ ಆಫೀಸಿನ ಪೂಜೆಗೆ ಹೋಗಿದ್ದ. ಮಿಕ್ಸಿ, ಈಳಿಗೆ, ಸ್ಕೂಟರು ಎಲ್ಲವೂ ಮೈ ತೊಳೆದುಕೊಂಡು ಕುಂಕುಮ ಇಟ್ಟುಕೊಂಡಿದ್ದವು. ಪಡಸಾಲೆಯ ಹಲಗೆಯ ಮೇಲೆ ಅವನು ಕಟ್ಟುತ್ತಿದ್ದ ಪುಟ್ಟ ಸ್ಟೇಷನ್ನು, ಅದರ ಮುಂದಿನ ಪುಟ್ಟ ರೈಲು ಮಾತ್ರ ಮಸಿ, ತುಕ್ಕು, ಧೂಳು ಮೆತ್ತಿಕೊಂಡು ದಿಕ್ಕಿಲ್ಲದವರಂತೆ ನಿಂತಿದ್ದವು. ಊರಿಗೆಲ್ಲ ಹಬ್ಬ, ಇವೇನು ಪಾಪ ಮಾಡಿದ್ದವು? ಲಾವಣ್ಯ ಹಲ್ಲುಜ್ಜುವ ಹಳೇ ಬ್ರಷ್ಷು, ಸೋಪಿನ ನೀರು ತಂದು ಕೂತಳು. ಅಂಗೈ ಉದ್ದದ ಇಂಜಿನ್ನಿನಿಂದ ಹಿಡಿದು ಸ್ಟೇಷನ್ನಿನ ಗೋಡೆಯವರೆಗೆ ಏನನ್ನೂ ಬಿಡಲಿಲ್ಲ. ಆಮೇಲೆ ವಿಭೂತಿ ಎಳೆದು, ಚೆಂಡುಹೂವಿನ ಒಂದೇ ಒಂದು ಎಸಳು ಮುಡಿಸಿದಳು. ಗಾಲಿಯ ಕೆಳಗೆ ನಿಂಬೆಹಣ್ಣು ಇಡಲು ಹೋದರೆ ಇಂಜಿನ್ನಿಗಿಂತ ಹಣ್ಣೇ ದಪ್ಪ. ಕೊನೆಗೆ ಒಂದು ಮೆಣಸಿನಕಾಳು ಇಟ್ಟು ಕೈಮುಗಿದಳು.

ಮಧ್ಯಾಹ್ನ ಬಂದ ಗೋವರ್ಧನ ಹೊಸಿಲಲ್ಲೇ ನಿಂತ.

"ಹೆಂಗೈತ್ರಿ?" ಎಂದಳು, ಮುಖವರಳಿಸಿ.

ಅವನು ರೈಲನ್ನು ನೋಡಿದ. ಗೋಡೆಯನ್ನು ನೋಡಿದ. ಆಮೇಲೆ ಅವಳ ಮುಖ ನೋಡಿ, "ಚಂದ ಐತಿ," ಎಂದ. ಊಟಕ್ಕೆ ಕೂತವನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು, ಗುಡಿಗೆ ಹೋಗಿ ಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟ.

ಆ ಅರ್ಧ ಹೋಳಿಗೆ ಕಂಡು ಅತ್ತೆ ಸುಭದ್ರಮ್ಮ ಪಡಸಾಲೆಗೆ ಬಂದಳು. ಬಂದವಳೇ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ ನನ ತಾಯಿ, ಅದು ಹೊಲಸಲ್ಲವ್ವಾ. ಅವನೇ ಹಚ್ಚಿದ್ದು!"

"ಹೊಲಸು ಹಚ್ಚಾಕ ಯಾರರ ಬ್ರಷ್ ಹಿಡೀತಾರೇನ್ರಿ, ಅತ್ತಿ?"

"ನಿನ್ ಗಂಡ ಹಿಡೀತಾನ. ಹಳೇದ್ ಕಂಡ್ರನ ಖರೇ ಕಾಣ್ತೈತಂತ. ನೀ ಬರೋ ಮೊದಲ ರಜಾದಾಗ ಹಗಲೆಲ್ಲಾ ಕುಂತು ಒಂದೊಂದ ಚುಕ್ಕಿ ಹಚ್ಚ್ಯಾನ. ಮ್ಯಾಲ ವಾರ್ನಿಷ್ ಹೊಡಿಯೋದಷ್ಟ ಉಳದಿತ್ತು. ಇರ್ಲಿ, ಆಗಿದ್ದಾತು. ಬಾ, ಉಣ್ಣು."

ಲಾವಣ್ಯ ತೊಳೆದ ಗೋಡೆಯತ್ತ ತಿರುಗಿದಳು. ಆ ಪುಟ್ಟ ಸ್ಟೇಷನ್ನು ಕೋಸಗಿಯದು, ಆಕೆಯ ತವರೂರಿನದು. ನೌಕರಿಯ ಮೊದಲ ದಿನಗಳಲ್ಲಿ ಗೋವರ್ಧನ ಅಲ್ಲಿಗೇ ರೈಲಿನಲ್ಲಿ ಹೋಗಿ ಬರುತ್ತಿದ್ದ. ಹೆಣ್ಣು ನೋಡಲು ಬಂದಾಗಲೂ ಅವನು ಬಾಯಿಬಿಟ್ಟು ಆಡಿದ್ದು ಒಂದೇ ಮಾತು: "ನಿಮ್ಮೂರ ಸ್ಟೇಷನ್ ಮಾಡಾಕತ್ತೀನಿ." ಅಂಥ ಮನುಷ್ಯ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಚಂದ ಐತಿ ಅಂದನಲ್ಲ, ಅದು ಸುಟ್ಟಿತು. ಇವತ್ತು ಹೀಗೆ ನುಂಗಿಕೊಂಡವನು ನಾಳೆಯೂ ನುಂಗುತ್ತಾನೆ. ಜನ್ಮವಿಡೀ ಒಳಗೊಂದು ಇಟ್ಟುಕೊಂಡು ಹೊರಗೆ ಚಂದ ಐತಿ ಅನ್ನುವ ಗಂಡನ ಜೊತೆ ಬಾಳಬೇಕಾದೀತೆಂದು ಅವಳಿಗೆ ಭಯವಾಯಿತು.

ಉಣ್ಣುವುದನ್ನು ಬಿಟ್ಟು, ದೇವರ ದೀಪದ ಮೇಲೆ ತಟ್ಟೆ ಹಿಡಿದು ಮಸಿ ಮಾಡಿದಳು. ಇಂಜಿನ್ನಿಗೆ ಹಚ್ಚಿದರೆ ಅದು ದೃಷ್ಟಿಬೊಟ್ಟು ಇಟ್ಟ ಕೂಸಿನಂತೆ ಕಂಡಿತು. ಒರೆಸಿ ಕೈಬಿಟ್ಟಳು. ಇಂಜಿನ್ ಎಲ್ಲೆಲ್ಲಿ ಹಳತಾಗುತ್ತದೆಂದು ಆಕೆಗೇನು ಗೊತ್ತು? ಆದರೆ ಆ ಗೋಡೆ ಗೊತ್ತಿತ್ತು. ತಲೆಯಿಂದ ಒಂದು ಪಿನ್ನು ಕಿತ್ತು, ಕೊಬ್ಬರಿ ಎಣ್ಣೆಗೆ ಚೂರು ಮಸಿ ಕಲೆಸಿ, ಉಸಿರು ಬಿಗಿಹಿಡಿದು ಕೂತಳು.

ಹೊತ್ತು ಇಳಿಯುವಾಗ ಗೋವರ್ಧನ ಬಂದ. ಅವನು ಬಾಯಿ ತೆರೆಯುವ ಮೊದಲೇ ಅವಳು ಪಿನ್ನು ಹಿಡಿದೇ ಎದ್ದು ನಿಂತಳು.

"ತೊಳದದ್ದು ತಪ್ಪಾತ್ರಿ. ಚಂದ ಐತಿ ಅನಬ್ಯಾಡ್ರಿ. ಬೈದ್ಬಿಡ್ರಿ ಒಮ್ಮಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. "ಬೇಜಾರಾತು," ಎಂದ. ಮತ್ತೆ, "ಭಾಳ ಬೇಜಾರಾತು, ಲಾವಣ್ಯ."

ಆ ಮಾತು ಕೇಳಿ ಅವಳ ಕಣ್ಣು ತುಂಬಿತು, ಜೊತೆಗೇ ಎದೆಯ ಭಾರ ಇಳಿಯಿತು. ಗೋವರ್ಧನನ ಕಣ್ಣು ಅಷ್ಟರಲ್ಲಿ ಗೋಡೆಯ ಮೇಲೆ ನಿಂತಿತ್ತು. ಭೂತಗನ್ನಡಿ ಎತ್ತಿಕೊಂಡು ಬಾಗಿದ. ತೊಳೆದ ಗೋಡೆಯ ಮೇಲೆ, ನೆಲದಿಂದ ಬೆರಳಗಲ ಮೇಲೆ, ಸಾಲಾಗಿ ಮಂಕು ಕಲೆಗಳು.

"ಇವೇನು?"

"ತಲಿ ಎಣ್ಣಿ ಕಲೆರಿ. ಸುಗ್ಗಿಗಂತ ಗುಂಟೂರ ಕಡೆ ಮೆಣಸಿನಕಾಯಿ ಬಿಡಸಾಕ ಹೋಗತಿದ್ವಲ್ಲ, ರೈಲು ಬರೋತನ ಗ್ವಾಡಿಗೆ ತಲಿ ಆನಿಸಿ ಕುಂದ್ರತಿದ್ವಿ. ಊರಿಗೂರ ಕುಂದ್ರತಿತ್ತು."

"ನಾ ದಿನಾ ಅಲ್ಲೇ ನಿಂತೀನಿ. ಕಂಡೇ ಇಲ್ಲ."

"ನೀವು ನಿಂತೀರಿ. ನಾವು ಕುಂತೀವಿ."

ಅವನು ಕನ್ನಡಿಯನ್ನು ಸಾಲಿನ ಕೊನೆಗೆ ಸರಿಸಿದ. ಅಲ್ಲಿ ಎರಡು ದೊಡ್ಡ ಕಲೆ. "ಇವು?"

"ಅಪ್ಪಂದು. ಅವ್ವಂದು."

"ನಡುವ ಸಣ್ಣದು?"

ಲಾವಣ್ಯಳ ಕೈ ತಾನಾಗಿ ತನ್ನ ತಲೆಯ ಹಿಂಭಾಗ ಮುಟ್ಟಿತು.

ಗೋವರ್ಧನ ಅವಳ ಬೆರಳುಗಳಿಂದ ಪಿನ್ನನ್ನು ಮೆಲ್ಲಗೆ ಬಿಡಿಸಿಕೊಂಡ. ಎಣ್ಣೆಗೆ ಅದ್ದಿ, ಗೋಡೆಗೆ ಮೂಗು ತಾಗುವಷ್ಟು ಬಾಗಿ, "ಜರಾ ಅತ್ತಾಗ ಸರಕೋ," ಎನ್ನುತ್ತ, ಆ ಸಣ್ಣ ಕಲೆಯ ಪಕ್ಕಕ್ಕೆ ಅಷ್ಟೇ ಸಣ್ಣದು ಇನ್ನೊಂದನ್ನು ಇಟ್ಟ.