ತೊಟ್ಟಿಯ ತಳ

ತೊಟ್ಟಿಯ ನೀರು ಬಸಿದು ಇನ್ನೇನು ತಳ ಕಾಣಬೇಕು, ಅಷ್ಟರಲ್ಲಿ ಉಮ್ ಗಲೀಲಾ ಅಡ್ಡ ಬಂದು ನಿಂತಳು. ಕೇರಿಯ ಸ್ನಾನದ ಮನೆಯಾದ ಈ ಹಮ್ಮಾಮಿನಲ್ಲಿ ಹೆಂಗಸರ ಮೈ ಉಜ್ಜಿ ಉಜ್ಜಿಯೇ ಮುದುಕಿಯಾದವಳು. ಒಂದು ಕಣ್ಣು ಪೊರೆಗಟ್ಟಿ ಬೆಳ್ಳಗಾಗಿತ್ತು.

"ನೋಡಬೇಡಿ ಎಫೆಂದಿ. ಹೆಂಗಸರ ತೊಟ್ಟಿಯ ತಳ ಗಂಡಸರು ನೋಡೋದಲ್ಲ."

"ನೋಡಬಾರದ್ದು ಅಂಥದ್ದೇನಿದೆಯಮ್ಮಾ? ಕೊಳೆ ತಾನೆ?" ಎಂದ ಶುಕ್ರಿ ಎಫೆಂದಿ. ಅವನು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್, ಅದಕ್ಕೇ ಎಲ್ಲರ ಬಾಯಲ್ಲೂ 'ಎಫೆಂದಿ', ಅಂದರೆ ಸಾಹೇಬ. ಮಹಾಯುದ್ಧ ಮುಗಿದ ಮೇಲೆ ಕೈರೋದ ಹಳೇ ಕೇರಿಗಳಲ್ಲಿ ಕಣ್ಣುಬೇನೆ ಮನೆಮನೆಗೂ ಹಬ್ಬಿತ್ತು. ಕಂಡಕಂಡವರೆಲ್ಲ ಮುಳುಗೇಳುವ ಈ ತೊಟ್ಟಿಯನ್ನು ಮುಚ್ಚಿ ನಲ್ಲಿ ಹಾಕಿಸಬೇಕೆಂದು ಹಟ ಹಿಡಿದು ಆಜ್ಞೆ ತರಿಸಿದವನು ಅವನೇ. ಅದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಸುಟ್ಟ ಸುಣ್ಣದ ಚೀಲ ಹೊತ್ತ ಇಬ್ಬರು ಆಳುಗಳು ಬಾಗಿಲಲ್ಲಿ ಕಾಯುತ್ತಿದ್ದರು.

"ನಿನ್ನ ಕಣ್ಣು ತಿಂದದ್ದೂ ಇದೇ ನೀರು, ಗೊತ್ತಾ?"

"ತಿಂದ್ರೆ ತಿನ್ಲಿ. ನಿಮ್ಮಂಥ ಚೆಲುವನ್ನ ನೋಡೋಕೆ ಇನ್ನೊಂದು ಸಾಕು. ಈ ಹೆಣ್ಮಕ್ಕಳ ಗತಿ ಏನು, ಅದನ್ನ ಹೇಳಿ."

ಮಕ್ಕಳಾಗದವರು ಮೈಮೇಲಿನದೊಂದು ಒಡವೆ ಬಿಚ್ಚಿ ಈ ನೀರಿಗೆ ಒತ್ತೆ ಹಾಕಿ ಹೋಗುತ್ತಿದ್ದರು. ಮಗು ಹುಟ್ಟಿದ ಮೇಲೆ, ನಲವತ್ತನೆಯ ದಿನದ ಸ್ನಾನಕ್ಕೆ ಬಂದಾಗ, ತಮ್ಮದನ್ನು ತಾವೇ ಮುಳುಗಿ ಎತ್ತಿಕೊಳ್ಳುತ್ತಿದ್ದರು.

"ಪಡೆದವರು ತಗೊಂಡು ಹೋದ್ರು ಎಫೆಂದಿ. ಇಲ್ಲಿ ಬಿದ್ದಿರೋದು ಪಡೀದೇ ಇದ್ದವರದ್ದು."

ಶುಕ್ರಿ ನಗುತ್ತಲೇ ಬಗ್ಗಿ ನೋಡಿದ. ಪಾಚಿಯ ನಡುವೆ ಉಂಗುರ, ಬಳೆ, ತಾಯಿತ. ಅಯ್ಯೋ ದೇವರೇ, ಎಷ್ಟೊಂದು! ಅವನ ನಗು ನಿಂತಿತು. ಅಂಚಿನಲ್ಲಿ ಕಪ್ಪುಗಟ್ಟಿದ ಒಂದು ಬೆಳ್ಳಿಯ ಓಲೆಯಿತ್ತು. ಅರ್ಧಚಂದ್ರದ ಓಲೆ, ಹಸಿರು ಕಲ್ಲಿರಬೇಕಾದ ಕಡೆ ನೀಲಿ ಮಣಿ. ಕಲ್ಲು ಬಿದ್ದುಹೋದಾಗ ಆ ಮಣಿ ಕೂರಿಸಿಕೊಟ್ಟವನು ಅವನೇ. ಮೂರು ವರ್ಷದ ಹಿಂದೆ ಅವನ ಹೆಂಡತಿ ಬಹೀಯಾ ಆ ಓಲೆ ಎಲ್ಲೋ ಬಿದ್ದುಹೋಯಿತು ಎಂದಿದ್ದಳು. ಮೈಮೇಲೆ ಎಚ್ಚರವಿಲ್ಲದವಳು ಎಂದು ಅವನು ವಾರವಿಡೀ ಗದರಿದ್ದ.

"ಅದಾ?" ಮುದುಕಿ ಅವನ ನೋಟ ಹೋದ ಕಡೆ ನೋಡಿದಳು. "ಪಾಪ, ಯಾವ್ದೋ ದೂರದ ಕೇರಿಯವಳು, ಹೆಸರೂ ಹೇಳಲ್ಲ. ಮೊನ್ನೆ ಮತ್ತೆ ಬಂದಿದ್ಲು. 'ಗುರುವಾರ ಮುಚ್ತಾರಂತೆ ಖಾಲಾ, ಇದೂ ಇರ್ಲಿ' ಅಂತ ಇನ್ನೊಂದನ್ನೂ ಹಾಕಿದ್ಲು. ನಮ್ಮ ಯಜಮಾನನಿಗೇ ಸುದ್ದಿ ಬಂದಿದ್ದು ನಿನ್ನೆ. ಅವಳಿಗೆ ಹೇಗೆ ಗೊತ್ತಾಯ್ತೋ ಕಾಣೆ!"

ಹೇಗೆ ಗೊತ್ತಾಯಿತೆಂದು ಶುಕ್ರಿ ಬಲ್ಲ. ಆಜ್ಞೆ ಬಂದ ದಿನ ಊಟಕ್ಕೆ ಕೂತಾಗ ಅವಳೊಬ್ಬಳಿಗೇ ಹೇಳಿದ್ದ. "ಈ ಗೊಡ್ಡು ನಂಬಿಕೆಯವರಿಗೆಲ್ಲ ಇನ್ನು ಬುದ್ಧಿ ಬರುತ್ತೆ ನೋಡು" ಎಂದು ನಕ್ಕೂ ಇದ್ದ. ಬಹೀಯಾ ಸೊಪ್ಪಿನ ಸಾರು ಬಡಿಸುತ್ತ, "ಯಾವತ್ತು ಮುಚ್ತೀರಿ?" ಎಂದಷ್ಟೇ ಕೇಳಿದ್ದಳು. ಅದರ ಜೋಡಿಯ ಇನ್ನೊಂದು ಓಲೆ ಅಲ್ಲೇ ಒಂದು ಗೇಣು ದೂರದಲ್ಲಿ ಬಿದ್ದಿತ್ತು. ಅದಿನ್ನೂ ಹೊಳೆಯುತ್ತಿತ್ತು.

"ಸುಣ್ಣ ಸುರೀಲಾ ಎಫೆಂದಿ?" ಆಳು ಕೂಗಿದ.

"ಇರಪ್ಪಾ." ಶುಕ್ರಿ ತನ್ನ ಕೆಂಪು ಟೋಪಿ ತೆಗೆದಿಟ್ಟು, ಪ್ಯಾಂಟು ಮಡಚಿ ತೊಟ್ಟಿಗಿಳಿದ. ಆಳುಗಳಿಗೆ ಕೇಳಿಸದಂತೆ ಮುದುಕಿಯನ್ನು ಕೇಳಿದ: "ತೊಟ್ಟಿ ಹೋದ್ರೆ ಒತ್ತೇನೂ ಹೋದ ಹಾಗಾ?"

ಉಮ್ ಗಲೀಲಾ ಅವನನ್ನೇ ನೋಡಿದಳು. ಅವಳಿಗೆ ಅರ್ಥವಾಯಿತು.

"ನಂಗೇನ್ ಗೊತ್ತು ಮಗಾ? ತೊಟ್ಟಿ ಮುಚ್ಚಿದ್ದನ್ನ ಇಲ್ಲಿ ಯಾರೂ ಕಂಡಿಲ್ಲ. ಇಟ್ಟವಳು ಬಿಟ್ಟು ಬೇರೆಯವರು ಎತ್ತಬಾರ್ದು, ಅಷ್ಟೇ ಗೊತ್ತು."

ಅವನು ಎತ್ತಲಿಲ್ಲ. ಎರಡನ್ನೂ ಬೆರಳಲ್ಲಿ ಸರಿಸಿ ಒಂದೇ ಕಲ್ಲಿನ ಸಂದಿಗೆ ತಳ್ಳಿದ. ಸುಣ್ಣ ತರಿಸಿ, ಆ ಸಂದಿಗೆ ಮೊದಲ ಹಿಡಿಯನ್ನು ತಾನೇ ಬರಿಗೈಯಲ್ಲಿ ತುಂಬಿದ. ಹಸಿ ಕಲ್ಲಿನ ಮೇಲೆ ಸುಣ್ಣ ಕೊತಕೊತ ಕುದಿದು ಬೆರಳು ಸುಟ್ಟವು. ಅವನು ಕೈ ಹಿಂದೆ ತೆಗೆಯಲಿಲ್ಲ.

ಸಂಜೆ ಮನೆಗೆ ಬಂದಾಗ ಬಹೀಯಾ ನೀರಿನ ಹೂಜಿ ಹಿಡಿದು ನಿಂತಿದ್ದಳು.

"ಮುಚ್ಚಿದ್ರಾ?"

"ಮುಚ್ಚಿದ್ವಿ."

"ತಳದಲ್ಲಿ ಏನಾದ್ರೂ ಇತ್ತಾ?"

"ಏನೂ ಇರ್ಲಿಲ್ಲ. ಎಲ್ರೂ ಅವರವರದ್ದು ಎತ್ಕೊಂಡು ಹೋಗಿದ್ರು."

ಬಹೀಯಾ ಹೂಜಿ ಕೊಡಹೋದವಳು ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಸುಣ್ಣ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿದ್ದವು. ಒಳಗಿನಿಂದ ಎಣ್ಣೆ ತಂದು, ಕಾಲ ಬಳಿ ಕೂತು, ಒಂದೊಂದೇ ಬೆರಳಿಗೆ ಹಚ್ಚತೊಡಗಿದಳು. ಕೊನೆಗೆ ತಲೆ ಎತ್ತದೆ ಕೇಳಿದಳು:

"ಎರಡನ್ನೂ ಒಟ್ಟಿಗೇ ಇಟ್ರಾ?"