ಬರಿದಾಗದ ಬಾಟಲಿ

"ಮೂರನೆಯವಳ ಹೊಲಿಗೆಯಲ್ಲೂ ಕೀವು" ಎಂದು ಸಿಸ್ಟರ್ ಹೇಳಿದ್ದೇ ತಡ, ಆಯಮ್ಮ ಒರೆಸುವ ಬಟ್ಟೆ ಬಿಸಾಕಿ ನಾಲ್ಕನೇ ಮಂಚದತ್ತ ಓಡಿದಳು. ಅಲ್ಲಿ ಮಲಗಿದ್ದವಳು ಅವಳ ಸ್ವಂತ ಮಗಳು. ಹೆರಿಗೆಯ ಆಪರೇಷನ್ ಆಗಿ ಮೂರು ದಿನ. ಹಣೆ ಮುಟ್ಟಿದಳು, ಬೆಚ್ಚಗಿರಲಿಲ್ಲ. ಆ ಕೈಯನ್ನು ನಂಬದೆ ಇನ್ನೊಂದು ಕೈಯಲ್ಲೂ ಮುಟ್ಟಿದಳು.

"ಹೀಗೆ ಮುಟ್ತಾ ಇದ್ರೆ ಜ್ವರ ಇಲ್ದೋಳಿಗೂ ಬರುತ್ತಮ್ಮ" ಎಂದಳು ಮಗಳು.

ಹತ್ತೇ ಹಾಸಿಗೆಯ ಆಸ್ಪತ್ರೆ. ಬಾಣಂತಿಯರ ಗಾಯ ಒಂದಾದ ಮೇಲೊಂದು ಕೆಡುತ್ತಿದ್ದರೆ ಹೆತ್ತವಳಿಗೆ ಕಣ್ಣು ಹತ್ತೀತೇ? ಆಯಮ್ಮ ದಿನಕ್ಕೆ ಐದು ಸಲ ನೆಲ ಒರೆಸುತ್ತಿದ್ದಳು, ನಲ್ಲಿಯ ಸಂದುಗೊಂದು ತಿಕ್ಕುತ್ತಿದ್ದಳು, ಚಪ್ಪಲಿ ಬಿಡದೆ ಬಂದ ಡಾಕ್ಟರನ್ನೇ ಬಾಗಿಲಲ್ಲಿ ತಡೆದಿದ್ದಳು. ಮಗಳ ಗಾಯಕ್ಕಂತೂ ಬೇರೆಯವರ ಕೈ ಸೋಕಗೊಡದೆ, ಹೊತ್ತು ಹೊತ್ತಿಗೆ ತಾನೇ ತೊಳೆದು ಪಟ್ಟಿ ಕಟ್ಟುತ್ತಿದ್ದಳು.

ಮಧ್ಯಾಹ್ನ ಲ್ಯಾಬಿನಿಂದ ಚೀಟಿ ಬಂತು. ವಾರದ ಹಿಂದೆ ಸಿಸ್ಟರ್ ಮೊದಲಿಬ್ಬರ ಕೀವು, ಕತ್ತರಿ, ಟ್ರೇ, ಡಾಕ್ಟರ ಕೈ, ಔಷಧಿ ಎಲ್ಲದರದ್ದೂ ಮಾದರಿ ತೆಗೆದು ಕಳಿಸಿದ್ದಳು. ಓದಿ, ಆಯಮ್ಮನನ್ನು ಔಷಧಿ ಕೋಣೆಗೆ ಕರೆದು ಕೇಳಿದಳು, "ಆಯಮ್ಮ, ಗಾಯ ತೊಳೆಯೋ ಔಷಧಿ ಬಾಟಲಿ ಯಾವಾಗ ತೊಳೆದದ್ದು?"

"ತೊಳೆಯೋಕೆ ಅದು ಖಾಲಿ ಆದ್ರೆ ತಾನೇ? ಅರ್ಧಕ್ಕೆ ಇಳಿಯೋದೇ ತಡ, ಔಷಧಿಗೆ ನೀರು ಬೆರೆಸಿ ತುಂಬಿಸಿಬಿಡ್ತೀನಿ. ಇಷ್ಟು ವರ್ಷದಲ್ಲಿ ಒಂದು ದಿನ ಇಲ್ಲ ಅನ್ನಿಸಿಕೊಂಡಿಲ್ಲ ಸಿಸ್ಟರ್."

"ತಳದಲ್ಲಿರೋ ಹಳೇದು ಕೆಟ್ಟಿದೆ. ಹೊಸದನ್ನ ಅದರ ಮೇಲೇ ಹುಯ್ತಾ ಬಂದಿದ್ದೀರಿ. ಕೀವಲ್ಲಿ ಇರೋ ರೋಗಾಣುನೇ ಬಾಟಲೀಲೂ ಇದೆಯಂತೆ."

ಆಯಮ್ಮ ಬಾಟಲಿ ಎತ್ತಿ ಅದರ ತಳ ನೋಡಿದಳು. "ಬೆಳಿಗ್ಗೆ ನನ್ನ ಮಗಳಿಗೂ ಅದರಲ್ಲೇ..."

"ಗೊತ್ತು. ಗಾಯ ಇನ್ನೂ ಕೆಂಪಾಗಿಲ್ಲ. ಈಗ್ಲೇ ಹೊಸದ್ರಲ್ಲಿ ತೊಳೀತೀನಿ, ಡಾಕ್ಟರಿಗೂ ಹೇಳ್ತೀನಿ. ಬನ್ನಿ."

ಸೀಲು ಒಡೆಯದ ಬಾಟಲಿ ಹಿಡಿದು ಸಿಸ್ಟರ್ ಮಂಚದ ಬಳಿ ಬಂದಾಗ ಮಗಳು ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆಯಮ್ಮ ಮಾರು ದೂರದಲ್ಲೇ ನಿಂತಿದ್ದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

"ಸಿಸ್ಟರ್ ಮಾಡ್ತಾರೆ. ಸುಮ್ನೆ ಮಲಕ್ಕೋ."

"ಬೇಡಮ್ಮ, ನೀನೇ ಮಾಡು." ಪಕ್ಕದ ಮಂಚಗಳಿಗೆ ಕೇಳಿಸದಂತೆ ಮಗಳು ದನಿ ತಗ್ಗಿಸಿದಳು. "ಪಾಪ, ಆ ಮೂವರಿಗೂ ನಿನ್ನಂಥ ತಾಯಿ ಜೊತೇಲಿ ಇದ್ದಿದ್ರೆ ಹೀಗಾಗ್ತಿತ್ತಾ?"